ಎಡಬದಿಯ ನೀರು

೧೫ ಮಾರ್ಚ್ ೧೯೮೨, ಸೋಮವಾರ

ಇಜ್ಜತ್ ಇವತ್ತು ನಮ್ಮನ್ನೆಲ್ಲ ಶಾಲೆ ಮಕ್ಕಳ ಹಾಗೆ ಸಾಲಾಗಿ ಕೂರಿಸಿ ಕಾಗದ ಓದಿದ. ಮೇ ಒಂದರಿಂದ ಬೋಸ್ಫರಸ್ ಜಲಸಂಧಿಯಲ್ಲಿ ಹಡಗುಗಳು ಎಡಬದಿ ಬಿಟ್ಟು ಬಲಬದಿಯಲ್ಲಿ ಓಡಬೇಕಂತೆ. ಜಗತ್ತಿನ ಇಕ್ಕಟ್ಟು ನೀರಿನಲ್ಲೆಲ್ಲ ಹಾಗೇ ಅಂತೆ, ನಾವೊಬ್ಬರೇ ತಲೆಕೆಳಗಂತೆ.

ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದಲೂ ಇಲ್ಲಿ ಎಡವೇ. ಕಪ್ಪು ಸಮುದ್ರದಿಂದ ಇಳಿಯುವ ಹಡಗು ಏಷ್ಯಾ ದಡ ಹಿಡಿಯುತ್ತದೆ, ದಕ್ಷಿಣದ ಮರ್ಮರ ಸಮುದ್ರದಿಂದ ಏರುವ ಹಡಗು ಯೂರೋಪಿನ ದಡ ಹಿಡಿಯುತ್ತದೆ. ಸೆಳವಿಗೆ ಎದುರಾಗಿ ಏರುವವನಿಗೆ ಆ ದಡದ ಬೆಬೆಕ್ ಕೊಲ್ಲಿಯಲ್ಲಿ ಹಿಮ್ಮುಖವಾಗಿ ಹರಿಯುವ ಮರುನೀರು ಕೈಹಿಡಿದು ಎಳೆಯುತ್ತದೆ. ಇದೆಲ್ಲ ಅಂಕಾರಾದಲ್ಲಿ ಕುರ್ಚಿ ಬಿಸಿ ಮಾಡುವವರಿಗೆ ಏನು ಗೊತ್ತು?

"ಐವತ್ತು ದಾಟಿದೋರಿಗೆ ಕಷ್ಟ ಅನ್ಸಿದ್ರೆ ಈಗ್ಲೇ ಹೇಳ್ಬಿಡಿ. ಅವಧಿಗೆ ಮುಂಚೆ ನಿವೃತ್ತಿ ತಗೊಳ್ಳೋಕೆ ಅವಕಾಶ ಇದೆ," ಅಂದ ಇಜ್ಜತ್. ನೌಕಾಶಾಲೆಯಲ್ಲಿ ನನ್ನ ಪಕ್ಕದ ಮಂಚದವನು, ಈಗ ಹಡಗುಗಳಿಗೆ ದಾರಿ ತೋರಿಸುವ ನಮ್ಮ ಪೈಲಟ್‌ಗಳಿಗೆಲ್ಲ ಮುಖ್ಯಸ್ಥ.

"ನಿನಗೂ ಐವತ್ತಾರು ಅಲ್ವೇನೋ? ನೀನು ತಗೋತೀಯಾ?" ಅಂತ ಕೇಳಿದೆ.

"ನಾನು ಹಡಗು ಹತ್ತೋದು ಬಿಟ್ಟು ಎಂಟು ವರ್ಷ ಆಯ್ತಲ್ಲಪ್ಪ. ಮೇಜಿಗೆ ಎಡ ಬಲ ಇಲ್ಲ."

ಎಲ್ಲರೂ ನಕ್ಕರು. ಫೆರ್ರುಹ್ ಸ್ವಲ್ಪ ಹೆಚ್ಚಾಗಿಯೇ ನಕ್ಕ. ಮೊನ್ನೆ ಮೊನ್ನೆ ಸೇರಿದವನು, ನೀರಿನ ಮೇಲೆ ಇನ್ನೂ ಆರು ವರ್ಷ ಆಗಿಲ್ಲ, ಇವನಿಗೇನು ನಗು.

ನಾನು ಬಿಡುವುದಿಲ್ಲ. ಇಪ್ಪತ್ತಮೂರು ವರ್ಷದಿಂದ ಪರದೇಶದ ಹಡಗು ಹತ್ತಿ ದಾರಿ ಹೇಳಿದ್ದೇನೆ. ಇನ್ನು ನಾಲ್ಕು ವರ್ಷ ಇದೆ, ಪೂರ್ತಿ ಮಾಡಿಯೇ ಇಳಿಯುವುದು. ನನ್ನ ಕೈಗೆ ಈ ನೀರು ಗೊತ್ತು.

೨೧ ಮಾರ್ಚ್, ಭಾನುವಾರ

ಕೈಗೆ ಗೊತ್ತಿರುವುದೇ ತೊಂದರೆ. ಇದನ್ನು ಇಲ್ಲಿ ಬಿಟ್ಟು ಬೇರೆಲ್ಲೂ ಹೇಳಲಾರೆ.

ಇವತ್ತು ಹಡಗಿನಲ್ಲಿ ನಿಂತಾಗ ನನ್ನನ್ನೇ ಗಮನಿಸಿದೆ. ಏಷ್ಯಾ ದಡದ ಕಾಂದಿಲ್ಲಿ ತಿರುವು ಬಂದಾಗ ನಾನು ಯೋಚಿಸುವುದೇ ಇಲ್ಲ. ಬಾಯಿ ತಾನಾಗಿ "ಎಡಕ್ಕೆ ಹತ್ತು" ಅನ್ನುತ್ತದೆ, ಚುಕ್ಕಾಣಿಗಾರ ಹತ್ತು ಡಿಗ್ರಿ ತಿರುಗಿಸುತ್ತಾನೆ. ನಾನು ಆಗ ಊಟದ ಬಗ್ಗೆ ಯೋಚಿಸುತ್ತಿರುತ್ತೇನೆ. ಮೇ ಒಂದರ ಮೇಲೂ ಬಾಯಿ ಹಾಗೇ ಅಂದುಬಿಟ್ಟರೆ?

ಮೂರು ವರ್ಷದ ಹಿಂದೆ ಹೈದರ್‌ಪಾಷಾ ಎದುರು ಎರಡು ಹಡಗು ಬಡಿದುಕೊಂಡದ್ದು ಕಣ್ಣ ಮುಂದೆ ಇದೆ. ಎಣ್ಣೆ ಹಡಗು ವಾರಗಟ್ಟಲೆ ಉರಿಯಿತು. ನನ್ನ ಹೆಂಡತಿ ಮುಜೆಯ್ಯನ್ ಹಗ್ಗದ ಮೇಲೆ ಹಾಕಿದ ಬಟ್ಟೆಯೆಲ್ಲ ಮಸಿ. ಅಂಥದ್ದು ಕಾಂದಿಲ್ಲಿಯಲ್ಲಿ ಆದರೆ ದಡದ ಮನೆಗಳಲ್ಲಿ ಒಂದೂ ಉಳಿಯುವುದಿಲ್ಲ. ನಮ್ಮ ಮನೆಯೂ ಅಲ್ಲೇ ಮೇಲಿದೆ.

೪ ಏಪ್ರಿಲ್, ಭಾನುವಾರ

ಊಟದ ಮೇಜಿನ ಮೇಲೆ ಅಭ್ಯಾಸ ಶುರು ಮಾಡಿದ್ದೇನೆ. ಉದ್ದನೆಯ ಎರಡು ಅಂಚು ಎರಡು ದಡ. ಉಪ್ಪಿನ ಡಬ್ಬಿ ಕಾಂದಿಲ್ಲಿ ಮೂಲೆ, ಆಲಿವ್ ಬಟ್ಟಲು ಬೆಬೆಕ್. ನನ್ನ ಹಡಗು ಚಹಾದ ಲೋಟ. ಮುಜೆಯ್ಯನ್ ಎದುರಿನಿಂದ ಸಕ್ಕರೆ ಡಬ್ಬಿ ತಳ್ಳಿಕೊಂಡು ಬರುತ್ತಾಳೆ.

"ನಾನು ರಷ್ಯದೋಳು. ದಾರಿ ಬಿಡಿ," ಅಂದಳು.

"ರಷ್ಯದ ಹಡಗು ಮರ್ಮರದ ಕಡೆಯಿಂದ ಯಾಕೆ ಬರುತ್ತೆ?"

"ನಿಂಬೆಹಣ್ಣು ಕೊಂಡ್ಕೊಂಡು ಮನೆಗೆ ಹೋಗ್ತಿದೆ. ಏನ್ರೀ ನಿಮ್ಮ ತಕರಾರು?"

ಮೂರನೇ ಸಲಕ್ಕೆ ಲೋಟ ನೇರವಾಗಿ ಸಕ್ಕರೆ ಡಬ್ಬಿಗೆ ಗುದ್ದಿತು. ಮೇಜುಬಟ್ಟೆ ತುಂಬ ಚಹಾ. ಅವಳು ಬಿದ್ದು ಬಿದ್ದು ನಕ್ಕಳು, ನನಗೆ ಸಿಟ್ಟು ಬಂತು. "ಇದು ಆಟ ಅಲ್ಲ ಕಣೇ," ಅಂತ ಕೂಗಿದೆ.

ಅವಳು ಬಟ್ಟೆ ಎತ್ತಿ ಹಿಂಡಿ, ಮತ್ತೆ ಹಾಸಿ, ಸಕ್ಕರೆ ಡಬ್ಬಿ ಅದರ ಜಾಗಕ್ಕೆ ಇಟ್ಟಳು. "ಮತ್ತೆ ಮೊದಲಿಂದ," ಅಂದಳು. ಮೂವತ್ತು ವರ್ಷ ಇವಳ ಜೊತೆ ಬಾಳಿದ್ದೇನೆ, ಇಷ್ಟು ಹೊತ್ತು ಎದುರುಬದುರು ಕೂತದ್ದು ನೆನಪಿಲ್ಲ.

೧೮ ಏಪ್ರಿಲ್, ಭಾನುವಾರ

ದಡದ ಗುಡ್ಡಗಳಲ್ಲಿ ಎರ್ಗುವಾನ್ ಮರಗಳು ಕೆಂಪುನೇರಳೆ ಹೂ ಬಿಟ್ಟಿವೆ. ಅಪ್ಪನ ಗೋರಿಗೆ ಹೋಗಿ ಬಂದೆ, ನಾನು ಹುಟ್ಟಿದ ಕವಾಕ್ ಹಳ್ಳಿಗೆ.

೧೯೩೬ರ ಬೇಸಿಗೆ. ನನಗೆ ಹತ್ತು ವರ್ಷ. ಅಲ್ಲಿಯವರೆಗೆ ಈ ದಡದಲ್ಲಿ ನಮ್ಮ ಸೈನಿಕ ಕಾಲಿಡುವಂತಿರಲಿಲ್ಲ. ನೀರು ನಮ್ಮದು, ಕಾವಲು ಬೇರೆ ದೇಶಗಳ ಸಮಿತಿಯದು. ಮೊಂತ್ರೋ ಎಂಬ ಊರಿನಲ್ಲಿ ಒಪ್ಪಂದವಾಗಿ, ಒಂದು ಬೆಳಿಗ್ಗೆ ಸೈನಿಕರು ಕುದುರೆ, ಫಿರಂಗಿಗಳ ಜೊತೆ ನಮ್ಮ ಹಳ್ಳಿಗೆ ಬಂದರು. ಅಮ್ಮ ತಾಮ್ರದ ಹೂಜಿಯಲ್ಲಿ ಹುಳಿ ಚೆರ್ರಿ ಶರಬತ್ತು ಹಿಡಿದು ಬೀದಿಯಲ್ಲಿ ನಿಂತಿದ್ದಳು. ಒಬ್ಬ ಮೀಸೆಯ ಸಾರ್ಜೆಂಟ್ ನನ್ನನ್ನು ಎತ್ತಿ ಫಿರಂಗಿಯ ಮೇಲೆ ಕೂರಿಸಿದ.

ಅಪ್ಪ ಮೀನುಗಾರ, ಹೆಚ್ಚು ಮಾತಿನವನಲ್ಲ. ಅವತ್ತು ದೋಣಿಯಲ್ಲಿ ನಿಂತು, "ವಸ್ಫಿ, ಇನ್ಮೇಲೆ ಈ ನೀರಲ್ಲಿ ಯಾರು ಹೋದ್ರೂ ನಮ್ಮನ್ನ ಕೇಳ್ಕೊಂಡು ಹೋಗ್ಬೇಕು ಮಗನೇ," ಅಂದ. ನಾನು ಪೈಲಟ್ ಆಗಬೇಕೆಂದು ಅವತ್ತೇ ತೀರ್ಮಾನಿಸಿದೆ.

ಯುದ್ಧದ ಹಡಗಿನವರು ಎಂಟು ದಿನ ಮುಂಚೆ ತಿಳಿಸಬೇಕು, ಸರಿ. ಆದರೆ ವ್ಯಾಪಾರದ ಹಡಗು ಪೈಲಟ್ ಬೇಕಾದರೆ ತಗೊಳ್ಳಬಹುದು, ಬೇಡವಾದರೆ ಇಲ್ಲ ಅಂತ ಅದೇ ಒಪ್ಪಂದ ಹೇಳುತ್ತದೆ. ಅಪ್ಪನಿಗೆ ಆ ಸಾಲು ಯಾರೂ ಓದಿ ಹೇಳಿರಲಿಲ್ಲ. ಒಳ್ಳೆಯದೇ ಆಯಿತು.

೨೫ ಏಪ್ರಿಲ್, ಭಾನುವಾರ

ಪೈಲಟ್ ದೋಣಿಯಲ್ಲಿ ಹಡಗಿಗೆ ಕಾಯುತ್ತ ಫೆರ್ರುಹ್ ಜೊತೆ ಎರಡು ಗಂಟೆ. ಅವನು ಕೆದಕಿದ, ನಾನು ಹೇಳಿದೆ.

"ವಸ್ಫಿಯಣ್ಣ, ಅಮೆರಿಕದ ಯುದ್ಧನೌಕೆ ಮಿಸೌರಿ ಬಂದಾಗ ನೀವು ನೋಡಿದ್ರಾ?"

ನೋಡದೆ ಇರುತ್ತೇನೆಯೇ. ೧೯೪೬ರ ಏಪ್ರಿಲ್. ನಾನೂ ಇಜ್ಜತ್ತೂ ಶಾಲೆಗೆ ಚಕ್ಕರ್ ಹೊಡೆದು ದೊಲ್ಮಾಬಾಹ್ಚೆಯ ದಡದಲ್ಲಿ ನಿಂತಿದ್ದೆವು. ಸ್ಟಾಲಿನ್ನನಿಗೆ ಜಲಸಂಧಿಯಲ್ಲಿ ಪಾಲು ಬೇಕಾಗಿತ್ತು, ನಮಗೆಲ್ಲ ಎದೆ ಡವಡವ. ಆ ಬೂದುಬಣ್ಣದ ಬೆಟ್ಟ ಬಂದು ನಿಂತಾಗ ಇಡೀ ಊರು ಹಬ್ಬ ಮಾಡಿತು. ಬಣ್ಣ ಕಾಣದ ಗೋಡೆಗಳಿಗೆಲ್ಲ ಸುಣ್ಣ. ಇಜ್ಜತ್ ಒಬ್ಬ ನಾವಿಕನಿಗೆ ತನ್ನ ಟೋಪಿ ಕೊಟ್ಟು ಅವನ ಟೋಪಿ ತಂದ, ಶಾಲೆಯಲ್ಲಿ ಅದಕ್ಕೆ ಒದೆ ತಿಂದ.

"ರಷ್ಯದ ಕಿಯೆವ್ ಹಡಗು ಬಂದಾಗ ನಾನೂ ಇದ್ದೆ. ಸೇರಿದ ಮೊದಲನೇ ತಿಂಗಳು," ಅಂದ ಫೆರ್ರುಹ್.

ಹೌದು, ಎಪ್ಪತ್ತಾರು, ಜುಲೈ. ವಿಮಾನ ಹೊತ್ತ ಹಡಗು ಇಲ್ಲಿ ದಾಟುವಂತಿಲ್ಲ ಎನ್ನುತ್ತಿದ್ದರು. ರಷ್ಯದವರು ಅದು ವಿಮಾನದ ಹಡಗೇ ಅಲ್ಲ, ಕ್ರೂಸರ್ ಅಂತ ಬರೆದುಕೊಟ್ಟರು. ಮೈದಾನದಷ್ಟು ಅಗಲದ ಅಟ್ಟ, ಮೇಲೆ ವಿಮಾನ. ಅವತ್ತು ಮುಜೆಯ್ಯನ್, "ಎಮ್ಮೆ ಹೊಡ್ಕೊಂಡು ಬಂದು ಮೇಕೆ ಅಂತ ಬರೆಸಿದ್ರೆ ಹಾಲಿನ ಲೆಕ್ಕ ಏನ್ರೀ ಮಾಡ್ತೀರಾ?" ಅಂದಿದ್ದಳು.

ಇದನ್ನು ಹೇಳಿದಾಗ ಫೆರ್ರುಹ್ ಹೊಟ್ಟೆ ಹಿಡಿದುಕೊಂಡು ನಕ್ಕ. ಹುಡುಗ ಪರವಾಗಿಲ್ಲ. ಹುಡುಗ ಅಂತ ಬರೆದೆ, ಅವನಿಗೆ ಮೂವತ್ತೆಂಟು.

೩೦ ಏಪ್ರಿಲ್, ಶುಕ್ರವಾರ

ಕೊನೆಯ ಎಡ.

ಮಧ್ಯಾಹ್ನ ಕವಾಕ್‌ನಲ್ಲಿ ಒಂದು ಬಲ್ಗೇರಿಯದ ಗೋಧಿ ಹಡಗು ಹತ್ತಿದೆ. ಏಷ್ಯಾ ದಡ ಹಿಡಿದು ಇಳಿದೆ. ಬೇಕೆಂದೇ ಸ್ವಲ್ಪ ನಿಧಾನ. ಕಾನ್ಲಿಜಾದಲ್ಲಿ ಹಳದಿ ಕಿಟಕಿಯ ಮನೆಯ ಮುದುಕಿ ಮೊಸರಿನ ಬಟ್ಟಲು ಹಿಡಿದು ಕೂತಿದ್ದಳು. ಇಪ್ಪತ್ತು ವರ್ಷದಿಂದ ನಾನು ಕೈ ಎತ್ತುತ್ತೇನೆ, ಅವಳು ಚಮಚ ಎತ್ತುತ್ತಾಳೆ. ಹೆಸರೂ ಗೊತ್ತಿಲ್ಲ. ಮೊದಲು ಅವಳ ಪಕ್ಕ ಗಂಡ ಕೂರುತ್ತಿದ್ದ. ಅದಕ್ಕೂ ಮೊದಲು ಒಂದು ತೊಟ್ಟಿಲು ಇತ್ತು. ನಾಳೆಯಿಂದ ಇಳಿಯುವಾಗ ನಾನು ಆಚೆ ದಡದಲ್ಲಿರುತ್ತೇನೆ, ಏರುವಾಗ ಈ ದಡದಲ್ಲಿ ಬಂದರೂ ಅವಳು ಆ ಹೊತ್ತಿಗೆ ಕೂತಿರುವುದಿಲ್ಲ.

ಅಳು ಬಂತು. ಬಲ್ಗೇರಿಯದ ಕಪ್ತಾನ ಕಣ್ಣಿಗೆ ಏನಾದರೂ ಬಿತ್ತಾ ಅಂತ ಕೇಳಿದ. ಹೌದು ಅಂದೆ.

೧ ಮೇ, ಶನಿವಾರ

ಆಯಿತು. ಒಂದು ಇಳಿದೆ, ಒಂದು ಏರಿದೆ. ಎಡ ಅಂತ ಒಂದು ಸಲವೂ ಬಾಯಿ ಜಾರಲಿಲ್ಲ. ಬೆವರಿಗೆ ಅಂಗಿ ಒದ್ದೆ. ರಸ್ತೆ ತುಂಬ ಸೈನಿಕರು, ಸೇನೆಯ ಆಡಳಿತದಲ್ಲಿ ಯಾರಿಗೂ ಮೇ ದಿನದ ಮೆರವಣಿಗೆ ಇಲ್ಲ. ಮನೆಗೆ ಬಂದು ಹತ್ತು ಗಂಟೆ ನಿದ್ದೆ ಹೊಡೆದೆ.

೬ ಮೇ, ಗುರುವಾರ

ಹಿದ್ರೆಲ್ಲೆಜ್ ಹಬ್ಬ. ಮುಜೆಯ್ಯನ್ ಏನೋ ಬರೆದು ಗುಲಾಬಿ ಗಿಡಕ್ಕೆ ಕಟ್ಟಿದ್ದಾಳೆ. ಏನು ಬೇಡಿಕೊಂಡೆ ಅಂದರೆ, "ಹೇಳಿದ್ರೆ ಆಗಲ್ಲ," ಅಂತಾಳೆ.

ಒಂಬತ್ತು ಹಡಗು ಆಯಿತು, ಎಲ್ಲ ಬಲಬದಿಯಲ್ಲೇ. ಇಜ್ಜತ್‌ಗೆ ಫೋನ್ ಮಾಡಿ, "ಏನೋ, ಮುದಿ ಎತ್ತು ಉಳುತ್ತೆ ಅಲ್ವಾ?" ಅಂದೆ. "ಜಂಬ ಪಡ್ಬೇಡ," ಅಂದ. ಹೊಟ್ಟೆಕಿಚ್ಚು. ಈಗೀಗ ತಿರುವಿನಲ್ಲಿ ಬೆವರುವುದಿಲ್ಲ. ಇವತ್ತು ಮತ್ತೆ ಊಟದ ಬಗ್ಗೆ ಯೋಚಿಸುತ್ತ ದಾಟಿದೆ, ಗುರಾಣಿ ಮೀನು ಬಂದಿದೆಯಂತೆ.

೧೧ ಮೇ, ಮಂಗಳವಾರ

ಬೆಳಿಗ್ಗೆ ಎಣ್ಣೆ ತುಂಬಿದ ಗ್ರೀಕ್ ಹಡಗು ಇಳಿಸಿದೆ. ಹಿಸಾರ್ ಕೋಟೆ ದಾಟಿದ ಮೇಲೆ ನೀರಿನ ಮೇಲೆ ಮಂಜು. ಕಾಂದಿಲ್ಲಿಯ ಹತ್ತಿರ ಎದುರಿನಿಂದ ಒಂದು ಹಳೆಯ ಸಾಮಾನು ಹಡಗು, ಪೈಲಟ್ ಇಲ್ಲದೆ, ಹಳೇ ಪದ್ಧತಿಯಂತೆ ಯೂರೋಪಿನ ದಡ ಹಿಡಿದು ಬಂತು. ನಾನು ಇರಬೇಕಾದ ಬದಿಯಲ್ಲೇ. ಎಡಕ್ಕೆ ತಿರುಗಿಸಿದೆ. ನಲವತ್ತು ಮೀಟರ್ ಅಂತರದಲ್ಲಿ ದಾಟಿಕೊಂಡೆವು. ಯಾರಿಗೂ ಏನೂ ಆಗಲಿಲ್ಲ. ದೇವರು ದೊಡ್ಡವನು.

ಬರೆಯಲು ಕೈ ಬರುತ್ತಿಲ್ಲ.

೧೨ ಮೇ, ಬುಧವಾರ

ಕಛೇರಿಯಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗ್ರೀಕ್ ಕಪ್ತಾನ ವರದಿಯಲ್ಲಿ ಬರೆದಿದ್ದಾನಂತೆ, ಈ ಪೈಲಟ್ ಎದುರಿನ ಹಡಗಿನ ತಪ್ಪನ್ನು ಕ್ಷಣದಲ್ಲಿ ಗ್ರಹಿಸಿ ನಿಯಮ ಮೀರಿ ಎಡಕ್ಕೆ ತಿರುಗಿಸಿ ಎರಡು ಹಡಗನ್ನೂ ಉಳಿಸಿದ ಅಂತ. ಇಜ್ಜತ್ ತಬ್ಬಿಕೊಂಡ. "ಹಳಬರ ಬೆಲೆ ಈಗ ಗೊತ್ತಾಯ್ತು ನೋಡ್ರಪ್ಪಾ! ಹೊಸಬ ಆಗಿದ್ರೆ ನಿಯಮ ನಿಯಮ ಅಂತ ಬಲಕ್ಕೇ ಹೋಗಿ ಗುದ್ದಿರೋನು," ಅಂದ. ಪ್ರಶಂಸಾಪತ್ರಕ್ಕೆ ಅಂಕಾರಾಕ್ಕೆ ಬರೆಯುತ್ತಾನಂತೆ.

ಫೆರ್ರುಹ್ ನನ್ನ ಕೈಗೆ ಮುತ್ತಿಟ್ಟು ಹಣೆಗೆ ಒತ್ತಿಕೊಂಡ. "ಎಷ್ಟು ದೂರದಲ್ಲಿ ಕಂಡಿತು ಅಣ್ಣಾ?" ಅಂತ ಕೇಳಿದ.

"ಸಾಕಷ್ಟು ದೂರದಲ್ಲಿ," ಅಂದೆ.

೧೪ ಮೇ, ಶುಕ್ರವಾರ

ಬದನೆಕಾಯಿಗೆ ಉಪ್ಪು ಹೆಚ್ಚು ಅಂತ ಮುಜೆಯ್ಯನ್ ಮೇಲೆ ರೇಗಿದೆ. ಉಪ್ಪು ಸರಿಯಾಗಿಯೇ ಇತ್ತು. ನೆರೆಯವರೆಲ್ಲ ಸಿಹಿ ತಂದುಕೊಡುತ್ತಿದ್ದಾರೆ, ಮನೆ ತುಂಬ ಬಕ್ಲಾವಾ.

"ಒಳ್ಳೇ ಕೆಲಸ ಮಾಡಿದೋನ ಮುಖ ಹೀಗಿರಲ್ಲ," ಅಂದಳು.

"ಸುಸ್ತಾಗಿದೆ."

"ಸುಸ್ತಾದಾಗ ನೀವು ಗೊರಕೆ ಹೊಡೀತೀರಿ. ಮೂರು ದಿನದಿಂದ ಗೊರಕೆ ಇಲ್ಲ."

೧೬ ಮೇ, ಭಾನುವಾರ

ಮೈ ಸರಿ ಇಲ್ಲ ಅಂತ ಹೇಳಿ ಹಡಗಿಗೆ ಫೆರ್ರುಹ್‌ನನ್ನು ಹತ್ತಿಸಿ, ಸುಮ್ಮನೆ ಅವನ ಜೊತೆ ನಿಂತೆ. ತಿರುವು ಬಂದಾಗ ಅವನು ಮೊದಲು ಎದುರು ನೋಡುತ್ತಾನೆ, ಆಮೇಲೆ ಎರಡೂ ದಡ ನೋಡುತ್ತಾನೆ, ಆಮೇಲೆ ತುಟಿಯೊಳಗೇ "ಬಲ" ಅಂದುಕೊಳ್ಳುತ್ತಾನೆ. ಕೊನೆಗೆ ಬಾಯಿ ಬಿಡುತ್ತಾನೆ. ಪ್ರತಿ ಸಲವೂ. ಮೊದಲಾಗಿದ್ದರೆ ಅಂಜುಬುರುಕ ಅಂತ ಹಂಗಿಸುತ್ತಿದ್ದೆ. ಇವತ್ತು ಆ ಎಣ್ಣೆ ಹಡಗು ಇವನ ಕೈಯಲ್ಲಿ ಇರಬೇಕಿತ್ತು ಅನ್ನಿಸಿತು.

ಇವನ ಕೈಯಲ್ಲಿ ಇದ್ದಿದ್ದರೂ ಅಪಾಯ ಇತ್ತು. ಮಂಜಿನಲ್ಲಿ ಆ ಹಡಗು ಕಾಣಿಸುವ ಹೊತ್ತಿಗೆ ತಿರುಗಿಸಲು ಎಷ್ಟು ಸಮಯ ಸಿಗುತ್ತಿತ್ತೋ. ಇದನ್ನು ಎಷ್ಟು ಸಲ ಲೆಕ್ಕ ಹಾಕಿದರೂ ಮುಗಿಯುತ್ತಿಲ್ಲ.

೧೮ ಮೇ, ಮಂಗಳವಾರ

ಬಂದರಿನ ಕಛೇರಿಗೆ ಸಾಕ್ಷಿ ಹೇಳಲು ಕರೆದಿದ್ದರು. ಆ ಸಾಮಾನು ಹಡಗಿನ ಕಪ್ತಾನನನ್ನು ಅಲ್ಲಿ ನೋಡಿದೆ. ಲೆಬನಾನಿನವನು, ಹೆಸರು ಬುತ್ರೋಸ್, ನನ್ನದೇ ವಯಸ್ಸು. ತಂಬಾಕಿನಿಂದ ಹಳದಿಯಾದ ಬಿಳಿ ಮೀಸೆ, ತೋಳು ಸವೆದ ಕೋಟು. ಮೂವತ್ತು ವರ್ಷದಿಂದ ಈ ನೀರು ದಾಟುತ್ತಿದ್ದಾನೆ. ಹೊಸ ನಿಯಮದ ಕಾಗದ ಅವನ ಹಡಗಿನಲ್ಲೇ ಇತ್ತು, ಓದಿದ್ದ ಕೂಡ. ಅದನ್ನೇ ಒಪ್ಪಿಕೊಂಡ.

"ಗೊತ್ತಿತ್ತು. ಬಲಕ್ಕೆ ಹೋಗ್ಬೇಕು ಅಂತ ಗೊತ್ತಿತ್ತು," ಅಂದ, ಹರಕು ಮುರುಕು ತುರ್ಕಿಯಲ್ಲಿ. "ಬೆಬೆಕ್ ಬಂತು. ಕೈ ಹಳೇ ದಾರಿ ಹಿಡೀತು. ನಾನು ಮುದುಕ. ತಪ್ಪು ನಂದೇ."

ಅವನ ಪರವಾನಗಿ ಕಿತ್ತುಕೊಳ್ಳುತ್ತಾರೆ, ಇನ್ನು ಹಡಗು ನಡೆಸುವಂತಿಲ್ಲ. ಗುರುವಾರ ಆದೇಶ ಕೊಡುತ್ತಾರಂತೆ. ಹೊರಗೆ ಬಂದಾಗ ಅವನು ನನ್ನ ಎರಡೂ ಕೈ ಹಿಡಿದುಕೊಂಡ. "ನನ್ನ ಹನ್ನೊಂದು ಜನ ಹುಡುಗರನ್ನ ಉಳಿಸಿದ್ರಿ. ದೇವರು ನಿಮ್ಮ ಕಣ್ಣು ಚೆನ್ನಾಗಿಟ್ಟಿರ್ಲಿ," ಅಂದ.

ನಾನು ಕೈ ಬಿಡಿಸಿಕೊಂಡು ಓಡಿ ಬಂದೆ.

೨೦ ಮೇ, ಗುರುವಾರ

ಇನ್ನು ಬರೆದುಬಿಡುತ್ತೇನೆ. ಇಷ್ಟು ದಿನ ಇಲ್ಲೂ ಸುಳ್ಳು ಬರೆದೆ.

ನಾನು ಆ ಹಡಗನ್ನು ನೋಡಿರಲಿಲ್ಲ. ಮಂಜಿತ್ತು, ಕಾಂದಿಲ್ಲಿ ಬಂತು, ಬಾಯಿ "ಎಡಕ್ಕೆ ಹತ್ತು" ಅಂದಿತು. ಚುಕ್ಕಾಣಿಗಾರ ತಿರುಗಿಸಿದ. ಏನು ಹೇಳಿದೆ ಅಂತ ನನಗೆ ಗೊತ್ತಾಗುವ ಮೊದಲೇ ಬಲಗಡೆಯಿಂದ ಸೈರನ್ ಕೇಳಿತು. ಮಂಜಿನೊಳಗಿಂದ ತುಕ್ಕು ಹಿಡಿದ ಮೂತಿ ಬಂತು, ನಾನು ಇರಬೇಕಾಗಿದ್ದ ಜಾಗದಲ್ಲಿ ಹಾದು ಹೋಯಿತು. ಗ್ರೀಕ್ ಕಪ್ತಾನ ನನ್ನನ್ನು ತಬ್ಬಿಕೊಂಡು ಅಳುತ್ತಿದ್ದ. ಎದುರಿನವನು ಕಾನೂನು ಪಾಲಿಸಿ ಏಷ್ಯಾ ದಡದಲ್ಲಿ ಬಂದಿದ್ದರೆ ನಾನು ಎಣ್ಣೆ ಹಡಗನ್ನು ನೇರ ಅವನ ಹೊಟ್ಟೆಗೆ ನುಗ್ಗಿಸುತ್ತಿದ್ದೆ, ನಮ್ಮ ಮನೆಯ ಎದುರೇ. ಮುಜೆಯ್ಯನ್ ಆಗ ಕಿಟಕಿಯಲ್ಲಿ ಹೂಕುಂಡಕ್ಕೆ ನೀರು ಹಾಕುತ್ತಿದ್ದಳಂತೆ.

ನಿನ್ನೆ ಅವಳಿಗೆ ಹೇಳಿದೆ. "ನನಗೆ ಹೇಳಿದ್ರಿ, ಸರಿ. ನಾನೇನು ಬಂದರಿನ ಅಧಿಕಾರಿನಾ?" ಅಂದಳು. ಎದ್ದು ಹೋಗಿ ನನ್ನ ಕಪ್ಪು ಕೋಟು ಇಸ್ತ್ರಿ ಮಾಡಿದಳು.

ಬೆಳಿಗ್ಗೆ ಇಜ್ಜತ್ ಮುಂದೆ ನಿಂತೆ. ಪ್ರಶಂಸಾಪತ್ರ ಬಂದಿತ್ತು, ಚೌಕಟ್ಟು ಹಾಕಿಸಿ ಮೇಜಿನ ಮೇಲೆ ಇಟ್ಟುಕೊಂಡಿದ್ದ. ಎಲ್ಲ ಹೇಳಿದೆ. ಅವನು ಎದ್ದು ಬಾಗಿಲು ಹಾಕಿದ.

"ನನಗೆ ಏನೂ ಕೇಳಿಸ್ಲಿಲ್ಲ," ಅಂದ.

"ಇನ್ನೊಂದ್ಸಲ ಹೇಳ್ತೀನಿ."

"ಬೇಡ ಮಾರಾಯ! ಹಡಗು ಉಳೀತು, ಜನ ಉಳಿದ್ರು. ಯಾರಿಗೆ ನಷ್ಟ? ಮೈ ಸರಿ ಇಲ್ಲ ಅಂತ ಬರ್ಕೊಡು, ಬ್ಯಾಂಡ್ ಬಾರಿಸಿ ಬೀಳ್ಕೊಡ್ತೀವಿ."

"ಆ ಲೆಬನಾನಿನವನಿಗೆ ನಷ್ಟ. ಅವನು ಮಾಡಿದ್ದನ್ನೇ ನಾನೂ ಮಾಡಿದೆ, ಅದೇ ನಿಮಿಷದಲ್ಲಿ. ಇಬ್ಬರಲ್ಲಿ ಒಬ್ಬ ಮಾತ್ರ ತಪ್ಪು ಮಾಡಿದ್ದಿದ್ರೆ ಇವತ್ತು ಯಾರೂ ಇರ್ತಿರ್ಲಿಲ್ಲ. ಅವನು ಹೇಳ್ದ, ನಾನು ಹೇಳ್ಲಿಲ್ಲ."

"ಹೇಳಿದ್ರೆ ಅವನ ಪರವಾನಗಿ ವಾಪಸ್ ಬರುತ್ತೇನೋ ವಸ್ಫಿ?"

"ಬರಲ್ಲ. ಬರಬಾರ್ದು ಕೂಡ. ನಂದೂ ಹೋಗ್ಬೇಕು ಅಷ್ಟೇ. ಐವತ್ತು ದಾಟಿದೋರು ಇನ್ನೂ ಎಂಟು ಜನ ಹಡಗು ಹತ್ತುತ್ತಾ ಇದಾರೆ, ಎಡಕ್ಕೆ ತಿರುಗಿಸಿದ್ದು ಜಾಣತನ ಅಂದ್ಕೊಂಡು. ಅವರಿಗೆ ಗೊತ್ತಾಗ್ಬೇಕು."

ಇಜ್ಜತ್ ಕೂತ. ಟೋಪಿಗಾಗಿ ಒದೆ ತಿಂದ ದಿನದ ನಂತರ ಅವನ ಮುಖ ಹಾಗೆ ಆದದ್ದು ನಾನು ನೋಡಿಲ್ಲ. ನಿವೃತ್ತಿಯ ಅರ್ಜಿ ತೆಗೆದು, ಹೆಸರು, ವಯಸ್ಸು, ಸೇವೆ ಎಲ್ಲ ತಾನೇ ತುಂಬಿದ. ಕಾರಣ ಅನ್ನುವ ಸಾಲಿಗೆ ಬಂದು ನಿಲ್ಲಿಸಿದ.

"ಇದು ದಾಖಲೆಗೆ ಹೋಗುತ್ತೆ. ನಿನ್ನ ಹೆಸರಿನ ಮುಂದೆ ಶಾಶ್ವತವಾಗಿ ಇರುತ್ತೆ. ಏನಂತ ಬರೀಲಿ?"

"ಮೊದಲು ಕೂಗಿದೆ, ಆಮೇಲೆ ನೋಡಿದೆ ಅಂತ ಬರಿ."

ಅವನು ಪೆನ್ನು ಹಿಡಿದೇ ಕೂತಿದ್ದ. ನಾನೇ ಪೆನ್ನು ತೆಗೆದುಕೊಂಡು ಬರೆದು ಸಹಿ ಹಾಕಿದೆ.

ಅಲ್ಲಿಂದ ಬಂದರಿನ ಕಛೇರಿಗೆ ಹೋಗಿ ಹೇಳಿಕೆ ತಿದ್ದಿಸಿದೆ. ಗುಮಾಸ್ತ ಎರಡು ಸಲ ಓದಿ, ನನ್ನ ಮುಖ ನೋಡಿ, ಸಾಹೇಬರು ಕರೆಯುವವರೆಗೆ ಹೊರಗೆ ಕಾಯಿರಿ ಅಂದ. ಪಡಸಾಲೆಯ ಬೆಂಚಿನ ಮೇಲೆ ಬುತ್ರೋಸ್ ಕೂತಿದ್ದ, ತನ್ನ ಆದೇಶಕ್ಕೆ ಕಾಯುತ್ತ. ನನ್ನನ್ನು ಕಂಡು ಎದ್ದು ನಿಲ್ಲಲು ಹೋದ. ಏಳಬೇಡಿ, ನಾನೂ ಇಲ್ಲೇ ಕಾಯಬೇಕು ಅಂದೆ. ಯಾಕೆ ಅಂತ ಕೇಳಿದ. ಹೇಳಿದೆ.

ಅವನು ಕೋಟಿನ ಅಂಚು ಎಳೆದುಕೊಂಡು, ಸರಿದು, ನನಗೆ ಜಾಗ ಮಾಡಿಕೊಟ್ಟ.